ಚದುರಂಗದ ಮಣೆಯ ಮಹಾಸಂಖ್ಯೆ

ರಾಜರಿಗೂ ರಾಜ್ಯಗಳಿಗೂ ಚರಿತ್ರೆಯಿರುವಂತೆ ಸಂಖ್ಯೆಗಳಿಗೂ ಚರಿತ್ರೆಯುಂಟೆಂದರೆ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಸಂಖ್ಯೆಯು ಹುಟ್ಟುವುದಿಲ್ಲ, ಅಳಿಯುವುದಿಲ್ಲ. ನಿನ್ನೆ ಏಳಾಗಿದ್ದುದು ಇಂದು ಎಂಟಾಗುವುದಿಲ್ಲ. ಆದರೆ ಒಂದು ಸಂಖ್ಯೆಯನ್ನು ಮನುಷ್ಯರು ಯಾವಾಗ ಎಣಿಸಿದರು, ಯಾವ ಉಪಾಯದಿಂದ ಎಣಿಸಿದರು, ಅದರ ವಿಷಯದಲ್ಲಿ ಯಾರು ಎಡವಿದರು, ಆ ಎಡವಿದುದನ್ನು ಯಾರು ತಿದ್ದಿದರು ಎಂಬುದೆಲ್ಲ ಚರಿತ್ರೆಯೇ ಸರಿ. ಅಂಥ ಚರಿತ್ರೆಯುಳ್ಳ ಸಂಖ್ಯೆಗಳಲ್ಲಿ ಒಂದನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಆ ಸಂಖ್ಯೆ ಇದು: ೧,೮೪,೪೬,೭೪,೪೦,೭೩,೭೦,೯೫,೫೧,೬೧೫.

ಇಪ್ಪತ್ತು ಸ್ಥಾನಗಳ ಈ ಸಂಖ್ಯೆಯನ್ನು ಓದಿ ಹೇಳುವುದೇ ಒಂದು ಪ್ರಯಾಸ. ಕೋಟಿಯಿಂದ ಮುಂದಕ್ಕೆ ನಮ್ಮ ನಿತ್ಯವ್ಯವಹಾರದ ಭಾಷೆಯಲ್ಲಿ ಹೆಸರುಗಳಿಲ್ಲ. ಆದರೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಕನ್ನಡ ನಾಡಿನಲ್ಲಿ ಅವು ಇದ್ದುವು. ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಕ್ರಿ. ಶ. ೮೫೦ರ ಸುಮಾರಿನಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿ, ಅದರ ಆರಂಭದಲ್ಲಿ ಆ ಚಕ್ರವರ್ತಿಯನ್ನು ಕೊಂಡಾಡಿದ್ದಾನೆ. ೧೯೧೨ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇದನ್ನು ಅನುವಾದಸಹಿತವಾಗಿ ಪ್ರಕಟಿಸಿದರು. ಏಕ, ದಶ, ಶತ ಎಂದು ತೊಡಗಿ ಮಹಾಕ್ಷೋಭದವರೆಗೆ ೨೪ ಸ್ಥಾನಗಳಿಗೆ ಮಹಾವೀರನು ಹೆಸರು ಕೊಟ್ಟಿದ್ದಾನೆ. ಅವನ ಮಾತಿನಲ್ಲಿ ನಮ್ಮ ಸಂಖ್ಯೆಯನ್ನು ಎಡದಿಂದ ಓದಿದರೆ, ಒಂದು ಮಹಾಶಂಖ, ಎಂಟು ಶಂಖ, ನಾಲ್ಕು ಮಹಾಕ್ಷೋಣಿ, ನಾಲ್ಕು ಕ್ಷೋಣಿ, ಆರು ಮಹಾಪದ್ಮ, ಏಳು ಪದ್ಮ ಎಂದು ಆರಂಭವಾಗುತ್ತದೆ. ಇಷ್ಟು ದೊಡ್ಡ ಸಂಖ್ಯೆಯನ್ನು ಬರೆದ ಮೇಲೂ ಮಹಾವೀರನ ಭಂಡಾರದಲ್ಲಿ ಇನ್ನೂ ನಾಲ್ಕು ಹೆಸರುಗಳು ಉಳಿಯುತ್ತವೆ.

ಈ ಸಂಖ್ಯೆಯು ಲೋಕಪ್ರಸಿದ್ಧವಾದುದು ಒಂದು ಕಥೆಯಿಂದ. ಚದುರಂಗದ ಆಟವನ್ನು ಕಂಡುಹಿಡಿದ ಭರತಖಂಡದ ಪಂಡಿತನೊಬ್ಬನಿಗೆ ಅರಸನು, ಬೇಕಾದುದನ್ನು ಬೇಡೆಂದನಂತೆ. ಪಂಡಿತನು, ಮಣೆಯ ಮೊದಲನೆಯ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಮನೆಮನೆಗೂ ಇಮ್ಮಡಿಯಾಗಿ ಅರವತ್ತನಾಲ್ಕು ಮನೆಗಳಿಗೆ ಗೋಧಿಯನ್ನು ಕೊಟ್ಟರೆ ಸಾಕೆಂದನಂತೆ. ಇಷ್ಟು ಅಲ್ಪವನ್ನು ಬೇಡಿದನಲ್ಲಾ ಎಂದು ಅರಸನು ಮುನಿದನು. ಲೆಕ್ಕಿಗರು ಲೆಕ್ಕ ಹಾಕಿದ ಮೇಲೆ ರಾಜ್ಯದ ಕಣಜಗಳೆಲ್ಲ ಬರಿದಾದರೂ ಸಾಲದೆಂದು ತಿಳಿದುಬಂತು. ಕಥೆಯ ನೆಲೆ ನಮ್ಮ ದೇಶವೆಂದು ಹೇಳಿದ್ದರೂ, ಅದನ್ನು ಬರೆದಿಟ್ಟ ಹಳೆಯ ಲೇಖಕರು ಅರಬ್ಬಿ ಭಾಷೆಯವರು. ಒಂಬತ್ತನೆಯ ಶತಮಾನದ ಅಲ್‌ಯಾಕೂಬಿಯ ಇತಿಹಾಸದಲ್ಲಿ ಅದರ ಒಂದು ರೂಪವಿದೆ. ಹದಿಮೂರನೆಯ ಶತಮಾನದ ಇಬ್ನ್ ಖಲ್ಲಿಕಾನನು ಪಂಡಿತನ ಹೆಸರನ್ನು ಸಿಸ್ಸನೆಂದು ಕೊಟ್ಟಿದ್ದಾನೆ. ಈ ಲೇಖಕನು ಕಥೆಯನ್ನು ಮೊದಲು ನಂಬಲಿಲ್ಲ. ಅಲೆಕ್ಸಾಂಡ್ರಿಯದ ಒಬ್ಬ ಲೆಕ್ಕಿಗನು ಕಾಗದದ ಮೇಲೆ ಮನೆಮನೆಯಾಗಿ ಲೆಕ್ಕವನ್ನು ಮಾಡಿ, ಹದಿನಾರನೆಯ ಮನೆಗೆ ೩೨,೭೬೮ ಕಾಳುಗಳಾಗುವುದನ್ನು ತೋರಿಸಿ, ಕಾಳುಗಳನ್ನು ಅಳತೆಗೂ ಅಳತೆಯನ್ನು ಕಣಜಗಳಿಗೂ ಕಣಜಗಳನ್ನು ಪಟ್ಟಣಗಳಿಗೂ ಏರಿಸಿ, ಕೊನೆಯ ಮನೆಯ ಧಾನ್ಯಕ್ಕೆ ೧೬,೩೮೪ ಪಟ್ಟಣಗಳು ಬೇಕೆಂದು ತೀರಿಸಿದ ಮೇಲೆ ಅವನಿಗೆ ನಂಬಿಕೆ ಹುಟ್ಟಿತು.

ಅರಸನ ಸಭೆಯು ಮೋಸಹೋದುದು ಏಕೆಂಬುದನ್ನು ಇಲ್ಲಿ ಸ್ವಲ್ಪ ಆಲೋಚಿಸಬೇಕು. ಒಂದು ಗ್ರಾಮಿಗೆ ೨೫ ಗೋಧಿಕಾಳುಗಳೆಂದು ಇಟ್ಟುಕೊಳ್ಳೋಣ. ಮೊದಲ ಎಂಟು ಮನೆಗಳಿಗೆ ೨೫೫ ಕಾಳುಗಳು. ಒಂದು ಹಿಡಿಯೂ ಆಗದು. ಮೊದಲ ಹದಿನಾರು ಮನೆಗಳಿಗೆ ೬೫,೫೩೫. ಮೂರು ಕಿಲೋಗ್ರಾಮುಗಳಿಗೂ ಕಡಿಮೆ. ಮಣೆಯ ಅರ್ಧಭಾಗ, ಎಂದರೆ ಮೂವತ್ತೆರಡು ಮನೆಗಳು, ತುಂಬುವ ಹೊತ್ತಿಗೆ ೪,೨೯,೪೯,೬೭,೨೯೫ ಕಾಳುಗಳಾಗುತ್ತವೆ. ತೂಕ ಸುಮಾರು ೧೭೨ ಟನ್ನು. ಇದನ್ನು ಸಾಮಾನ್ಯ ಅರಸನೂ ಕೊಡಬಲ್ಲನು. ಅರ್ಧ ಮಣೆಯವರೆಗೆ ಅವನ ಊಹೆಯಲ್ಲಿ ಅಂಥ ತಪ್ಪೇನೂ ಕಾಣಬರುವುದಿಲ್ಲ. ಉಳಿದ ಅರ್ಧದಲ್ಲಿ ಅದು ಸುಮಾರು ೭೩,೭೮೭ ಕೋಟಿ ಟನ್ನುಗಳಿಗೆ ಏರುತ್ತದೆ. ಈಗ ಇಡೀ ಭೂಮಂಡಲದಲ್ಲಿ ಒಂದು ವರ್ಷಕ್ಕೆ ಬೆಳೆಯುವ ಗೋಧಿಯು ಸುಮಾರು ೮೦ ಕೋಟಿ ಟನ್ನು. ಅದನ್ನೆಲ್ಲ ಒಂದು ಕಾಳನ್ನೂ ಉಣ್ಣದೆ ಒಟ್ಟಿದರೂ ಒಂಬೈನೂರು ವರ್ಷಗಳಿಗೆ ಮಿಕ್ಕಿ ಕಾಯಬೇಕು. ಮೊದಲಿನ ಕೆಲವು ಮನೆಗಳನ್ನು ಕಂಡು ಕೊನೆಯ ಮನೆಯನ್ನು ಊಹಿಸಿದುದೇ ಅರಸನ ತಪ್ಪು. ಈ ತಪ್ಪು ಅರಸರಿಗೆ ಮಾತ್ರ ಮೀಸಲಲ್ಲವೆಂಬುದನ್ನು ಮುಂದೆ ನೋಡಲಿದ್ದೇವೆ.

ಅರವತ್ತನಾಲ್ಕು ಮನೆಗಳನ್ನೂ ಒಂದೊಂದಾಗಿ ಬರೆದು ಕೂಡುವುದು ಬೇಸರದ ಕೆಲಸ. ಮಹಮ್ಮದ್ ಘಜ್ನಿಯ ಕಾಲದವನೂ ಭರತಖಂಡವನ್ನು ಕುರಿತು ಮಹಾಗ್ರಂಥವನ್ನು ಬರೆದವನೂ ಆದ ಅಲ್‌ಬೀರೂನಿಯು ಕ್ರಿ. ಶ. ೧೦೦೦ದ ಸುಮಾರಿನಲ್ಲಿ ರಚಿಸಿದ ಕಾಲಗಣನೆಯ ಗ್ರಂಥದಲ್ಲಿ ಇದಕ್ಕೊಂದು ಸುಲಭಮಾರ್ಗವನ್ನು ತೋರಿಸಿದ್ದಾನೆ. ಐದನೆಯ ಮನೆಯಲ್ಲಿ ಹದಿನಾರು ಕಾಳುಗಳು. ಹದಿನಾರನ್ನು ವರ್ಗಮಾಡಿದರೆ ೨೫೬. ಅದು ಒಂಬತ್ತನೆಯ ಮನೆ. ಅದನ್ನು ವರ್ಗಮಾಡಿದರೆ ೬೫,೫೩೬. ಅದು ಹದಿನೇಳನೆಯ ಮನೆ. ಮತ್ತೆ ವರ್ಗಮಾಡಿದರೆ ೪,೨೯,೪೯,೬೭,೨೯೬, ಅದು ಮೂವತ್ತಮೂರನೆಯದು. ಇನ್ನೊಮ್ಮೆ ವರ್ಗಮಾಡಿದರೆ ಮಣೆಯ ಹೊರಗೆ ಕಲ್ಪಿಸಿಕೊಂಡ ಅರವತ್ತೈದನೆಯ ಮನೆ. ಯಾವ ಮನೆಯ ಕಾಳಿನಿಂದಲೂ ಒಂದನ್ನು ಕಳೆದರೆ ಅದರ ಹಿಂದಿನ ಮನೆಗಳೆಲ್ಲದರ ಮೊತ್ತ ಬರುತ್ತದೆ. ಆದುದರಿಂದ ಕೊನೆಯಲ್ಲಿ ಒಂದನ್ನು ಕಳೆದರೆ ನಮ್ಮ ಮಹಾಸಂಖ್ಯೆ ದೊರೆಯಿತು. ಅಲ್‌ಬೀರೂನಿಯು ಅದನ್ನು ಹಿಂದೂ ಅಂಕಗಳಲ್ಲಿ ಬರೆದುದಲ್ಲದೆ, ಅಷ್ಟು ನಾಣ್ಯಗಳಿದ್ದರೆ ಎಷ್ಟು ಚೀಲ, ಎಷ್ಟು ಹೇರು, ಎಷ್ಟು ಹಿಂಡು, ಎಷ್ಟು ಕಣಿವೆ ಎಂದು ಏರಿಸುತ್ತ ಹೋಗಿ ೨೩೦೫ ಬೆಟ್ಟಗಳಲ್ಲಿ ನಿಲ್ಲಿಸುತ್ತಾನೆ.

ಈ ವರ್ಗಿಸುವ ಮಾರ್ಗವು ನಮ್ಮವರಿಗೆ ಅದಕ್ಕಿಂತ ಬಹುಕಾಲ ಹಿಂದೆಯೇ ತಿಳಿದಿತ್ತು. ಅವರಿಗೆ ಅದು ಬೇಕಾದುದು ಪದ್ಯಕ್ಕಾಗಿ. ಒಂದೊಂದು ಅಕ್ಷರವೂ ಲಘುವೋ ಗುರುವೋ ಆಗಬಹುದಾದುದರಿಂದ, ಪಾದದಲ್ಲಿ ಒಂದು ಅಕ್ಷರ ಹೆಚ್ಚಿದರೆ ವೃತ್ತಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಕ್ರಿಸ್ತಶಕಕ್ಕೆ ಹಿಂದಿನವನೆಂದು ವಿದ್ವಾಂಸರು ಎಣಿಸುವ ಪಿಂಗಲನು ತನ್ನ ಛಂದಃಸೂತ್ರದಲ್ಲಿ ಈ ಲೆಕ್ಕಕ್ಕೆ ಒಂದು ಅಡ್ಡದಾರಿಯನ್ನು ಹೇಳಿದನು. ಅಕ್ಷರಗಳ ಸಂಖ್ಯೆ ಸಮವಾದರೆ ಅರ್ಧಮಾಡು, ಬೆಸವಾದರೆ ಒಂದನ್ನು ಕಳೆ. ಶೂನ್ಯ ಬರುವವರೆಗೆ ಹೀಗೆ ಮಾಡಿ, ಬಂದ ದಾರಿಯಲ್ಲೇ ಹಿಂದಿರುಗುತ್ತ, ಒಂದನ್ನು ಕಳೆದ ಕಡೆ ಇಮ್ಮಡಿಸು, ಅರ್ಧಮಾಡಿದ ಕಡೆ ವರ್ಗಮಾಡು ಎಂಬುದು ಅದರ ಸಾರ. ಅರವತ್ತನಾಲ್ಕನ್ನು ಈ ಕ್ರಮಕ್ಕೆ ಒಳಪಡಿಸಿದರೆ ಆರು ಸಲ ಅರ್ಧಮಾಡಬೇಕು, ಒಂದು ಸಲ ಕಳೆಯಬೇಕು. ಹಿಂದಿರುಗುವಾಗ ೨, ೪, ೧೬, ೨೫೬, ೬೫,೫೩೬, ೪,೨೯,೪೯,೬೭,೨೯೬ ಎಂಬ ಮೆಟ್ಟಲುಗಳು ಬರುತ್ತವೆ. ಕೊನೆಯದನ್ನು ವರ್ಗಮಾಡಿದರೆ ಲೆಕ್ಕ ಮುಗಿಯಿತು. ಅಲ್‌ಬೀರೂನಿಯ ಮೆಟ್ಟಲುಗಳೂ ಇವೇ. ಮಹಾವೀರಾಚಾರ್ಯನು ಇದೇ ವಿಧಾನವನ್ನು ಗುಣೋತ್ತರ ಶ್ರೇಢಿಯ ಲೆಕ್ಕಕ್ಕೆ ಬಳಸಿದ್ದಾನೆ. ಕನ್ನಡದಲ್ಲಿ ನಾಗವರ್ಮನ ‘ಛಂದೋಂಬುಧಿ’ಯೂ ಪ್ರಸ್ತಾರವೇ ಮೊದಲಾದ ಷಟ್ಪ್ರತ್ಯಯಗಳನ್ನು ವಿವರಿಸುತ್ತದೆ.

ಪಾದಕ್ಕೆ ಹದಿನಾರು ಅಕ್ಷರಗಳುಳ್ಳ ಛಂದಸ್ಸಿಗೆ ಅಷ್ಟಿಯೆಂದು ಹೆಸರು. ನಮಗೆಲ್ಲ ಪರಿಚಿತವಾದ ಪಂಚಚಾಮರವು ಅದರೊಳಗಿನ ಒಂದು ವೃತ್ತ. ಅಷ್ಟಿಯಲ್ಲಿ ೬೫,೫೩೬ ಸಮವೃತ್ತಗಳು ಸಾಧ್ಯ. ನಾಲ್ಕು ಪಾದಗಳೂ ಒಂದೇ ತೆರನಾಗಿರಬೇಕೆಂಬ ನಿಯಮವನ್ನು ಸಡಿಲಿಸಿ, ಪದ್ಯದ ಅರವತ್ತನಾಲ್ಕು ಅಕ್ಷರಗಳಿಗೂ ಸ್ವಾತಂತ್ರ್ಯ ಕೊಟ್ಟರೆ ಎಷ್ಟು ವಿನ್ಯಾಸಗಳಾದಾವು? ಪಂಡಿತನು ಬೇಡಿದ ಕಾಳುಗಳಿಗಿಂತ ಸರಿಯಾಗಿ ಒಂದು ಹೆಚ್ಚು!

ಇಲ್ಲಿಯವರೆಗೆ ಸಂಖ್ಯೆಯ ಗಾತ್ರವನ್ನು ನೋಡಿದೆವು. ಇನ್ನು ಅದರ ಒಡಲನ್ನು ನೋಡೋಣ. ಮೊದಲ ಎರಡು ಮನೆಗಳಲ್ಲಿರುವ ಕಾಳುಗಳು ೩. ನಾಲ್ಕು ಮನೆಗಳಲ್ಲಿ ೧೫. ಇದು ೩ನ್ನು ೫ರಿಂದ ಗುಣಿಸಿದುದು. ಎಂಟು ಮನೆಗಳಲ್ಲಿ ೨೫೫. ೧೫ನ್ನು ೧೭ರಿಂದ ಗುಣಿಸಿದುದು. ಹದಿನಾರು ಮನೆಗಳಿಗೆ ೨೫೫ನ್ನು ೨೫೭ರಿಂದಲೂ, ಮೂವತ್ತೆರಡು ಮನೆಗಳಿಗೆ ಬಂದ ಲಬ್ಧವನ್ನು ೬೫,೫೩೭ರಿಂದಲೂ, ಪೂರ್ಣ ಮಣೆಗೆ ಮತ್ತೆ ೪,೨೯,೪೯,೬೭,೨೯೭ರಿಂದಲೂ ಗುಣಿಸಿದರಾಯಿತು. ಮನೆಗಳ ಸಂಖ್ಯೆಯನ್ನು ಇಮ್ಮಡಿಸಿದಾಗಲೆಲ್ಲ ಒಬ್ಬ ಹೊಸ ಗುಣಕನು ಬಂದು ಸೇರುತ್ತಾನೆ. ಈ ಗುಣಕರು ಯಾರು? ೩, ೫, ೧೭, ೨೫೭, ೬೫,೫೩೭, ೪,೨೯,೪೯,೬೭,೨೯೭. ಪಿಂಗಲನ ಮೆಟ್ಟಲುಗಳಿಗೆ ಒಂದೊಂದನ್ನು ಕೂಡಿಸಿದುವೇ ಇವು.

ಈ ಸಾಲಿನ ಮೊದಲ ಐದು ಸಂಖ್ಯೆಗಳೂ ಅವಿಭಾಜ್ಯಗಳು. ತಮ್ಮಿಂದ ಮತ್ತು ಒಂದರಿಂದ ಹೊರತು ಬೇರಾವುದರಿಂದಲೂ ಇವು ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞನಾದ ಪಿಯರ್ ಫರ್ಮಾ ಎಂಬವನ ಗಮನವನ್ನು ಇದು ಸೆಳೆಯಿತು. ಅವನು ತುಲೂಸ್ ನಗರದ ನ್ಯಾಯಸ್ಥಾನದ ಅಧಿಕಾರಿ; ಗಣಿತವು ಬಿಡುವಿನ ವೇಳೆಯ ಆಸಕ್ತಿ. ಆದರೂ ಸಂಖ್ಯಾಶಾಸ್ತ್ರದಲ್ಲಿ ಅವನಿಗೆ ಸಮಾನರಾದವರು ಆ ಕಾಲದಲ್ಲಿ ಇರಲಿಲ್ಲ. ೧೬೪೦ರಲ್ಲಿ ಅವನು ಫ್ರೆನಿಕಲ್ ಎಂಬ ಮಿತ್ರನಿಗೆ ಈ ಸಾಲನ್ನು ಬರೆದು, ಇವೆಲ್ಲವೂ ಅವಿಭಾಜ್ಯಗಳೆಂದು ತನಗೆ ದೃಢವಾಗಿ ತೋರುವುದೆಂದೂ, ಸರಿಯಾದ ಸಾಧನೆ ಮಾತ್ರ ಇನ್ನೂ ದೊರೆತಿಲ್ಲವೆಂದೂ ತಿಳಿಸಿದನು. ಅವನು ಬರೆದ ಸಾಲಿನ ಏಳನೆಯ ಸಂಖ್ಯೆಯು ೧,೮೪,೪೬,೭೪,೪೦,೭೩,೭೦,೯೫,೫೧,೬೧೭. ಚದುರಂಗದ ಕಾಳುಗಳಿಗಿಂತ ಇದು ಎರಡೇ ಹೆಚ್ಚು.

ಫರ್ಮಾನ ಮಾತನ್ನು ಪರೀಕ್ಷಿಸುವುದಕ್ಕೆ ತೊಂಬತ್ತೆರಡು ವರ್ಷಗಳು ಹಿಡಿದುವು. ೧೭೨೯ರಲ್ಲಿ ಗೋಲ್ಡ್‌ಬಾಕ್ ಎಂಬ ವಿದ್ವಾಂಸನು ಪೀಟರ್ಸ್‌ಬರ್ಗಿನಲ್ಲಿದ್ದ ತರುಣ ಆಯ್ಲರನಿಗೆ ಕಾಗದ ಬರೆದು ಈ ವಿಷಯವನ್ನು ಪ್ರಸ್ತಾಪಿಸಿದನು. ೧೭೩೨ರಲ್ಲಿ, ಇಪ್ಪತ್ತೈದನೆಯ ವಯಸ್ಸಿನ ಆಯ್ಲರನು, ಸಾಲಿನ ಆರನೆಯದಾದ ೪,೨೯,೪೯,೬೭,೨೯೭ ಎಂಬ ಸಂಖ್ಯೆಯು ೬೪೧ರಿಂದ ನಿಶ್ಶೇಷವಾಗಿ ಭಾಗವಾಗುವುದೆಂದು ಪ್ರಕಟಿಸಿದನು. ಭಾಗಲಬ್ಧ ೬೭,೦೦,೪೧೭. ಐದು ಸಂಖ್ಯೆಗಳನ್ನು ಕಂಡು ಕಟ್ಟಿದ ನಿಯಮವು ಆರನೆಯದರಲ್ಲಿಯೇ ಮುರಿದುಬಿತ್ತು.

ಆಯ್ಲರನು ಸಿಕ್ಕಿಸಿಕ್ಕಿದ ಸಂಖ್ಯೆಗಳಿಂದ ಕುರುಡಾಗಿ ಭಾಗಿಸುತ್ತ ಹೋಗಲಿಲ್ಲ. ಈ ಸಂಖ್ಯೆಗೆ ಅವಿಭಾಜ್ಯ ಭಾಜಕವೇನಾದರೂ ಇದ್ದರೆ ಅದನ್ನು ೬೪ರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕೆಂಬುದನ್ನು ಅವನು ಮುಂದೆ ಸಾಧಿಸಿ ತೋರಿಸಿದನು. ಅಂಥ ಅವಿಭಾಜ್ಯಗಳು ೧೯೩, ೨೫೭, ೪೪೯, ೫೭೭, ೬೪೧ ಎಂಬ ಕ್ರಮದಲ್ಲಿ ಬರುತ್ತವೆ. ಐದನೆಯ ಪ್ರಯತ್ನದಲ್ಲಿ ಬಾಗಿಲು ತೆರೆಯುತ್ತದೆ. ಈ ಸಾಧನೆಗೆ ಆಧಾರವಾದ ಮೂಲ ಸಿದ್ಧಾಂತವು ಫರ್ಮಾನದೇ. ಅದನ್ನು ಅವನು ಅದೇ ೧೬೪೦ನೆಯ ಇಸವಿಯಲ್ಲಿ ಅದೇ ಫ್ರೆನಿಕಲನಿಗೆ ಬರೆದು ತಿಳಿಸಿದ್ದನು. ತಪ್ಪನ್ನು ತೋರಿಸಬಲ್ಲ ದೀಪವು ಅವನ ಕೈಯಲ್ಲಿಯೇ ಇತ್ತು. ನಿಯಮದ ಸೊಗಸು ಅವನನ್ನು ಮರುಳುಮಾಡದೆ ಇದ್ದಿದ್ದರೆ, ಐದು ಭಾಗಾಕಾರಗಳಿಂದ ನಿಜವು ತಿಳಿಯುತ್ತಿತ್ತು.

ಭಾಗಾಕಾರವಿಲ್ಲದೆಯೂ ಇದನ್ನು ತಿಳಿಯಬಹುದು. ೬೪೧ ಎಂಬುದು ೬೨೫ಕ್ಕೆ ೧೬ನ್ನು ಕೂಡಿಸಿದುದು. ಹಾಗೆಯೇ ೬೪೦ಕ್ಕೆ ಒಂದನ್ನು ಕೂಡಿಸಿದುದು. ಮೂವತ್ತಮೂರನೆಯ ಮನೆಯ ಕಾಳುಗಳು ೨೬,೮೪,೩೫,೪೫೬ನ್ನು ೧೬ರಿಂದ ಗುಣಿಸಿದಷ್ಟು. ೧೬ರ ಬದಲಿಗೆ ‘೬೪೧ರಲ್ಲಿ ೬೨೫ ಕಡಿಮೆ’ ಎಂದು ಇಟ್ಟರೆ, ಒಂದು ಭಾಗವು ೬೪೧ರ ಗುಣಕವಾಗುತ್ತದೆ. ಕಳೆಯಬೇಕಾದ ಇನ್ನೊಂದು ಭಾಗವು ೬೪೦ನ್ನು ನಾಲ್ಕು ಸಲ ಇಟ್ಟು ಗುಣಿಸಿದ ಲಬ್ಧಕ್ಕೆ ಸಮನಾಗುತ್ತದೆ. ಈ ಲಬ್ಧದಲ್ಲಿ ಒಂದನ್ನು ಕಡಿಮೆಮಾಡಿದರೆ ಉಳಿದುದು ೬೪೧ರಿಂದ ತಪ್ಪದೆ ಭಾಗವಾಗುತ್ತದೆ. ಆದುದರಿಂದ ಕಾಳುಗಳಿಗೆ ಒಂದನ್ನು ಸೇರಿಸಿದ ಸಂಖ್ಯೆಯೂ ಭಾಗವಾಗಲೇಬೇಕು. ಶ್ರೋತೃಗಳು ಬಿಡುವಾದಾಗ ಕಾಗದದ ಮೇಲೆ ಬರೆದು ನೋಡಿದರೆ ಇದು ನಾಲ್ಕು ಸಾಲುಗಳ ಕೆಲಸ. ಅಮೆರಿಕದ ಜೆರಾ ಕೋಲ್ಬರ್ನನೆಂಬ ಬಾಲಗಣಿತಜ್ಞನು ೧೮೧೨ರ ಸುಮಾರಿನಲ್ಲಿ, ಎಂಟು ವರ್ಷದವನಾಗಿದ್ದಾಗ, ಲಂಡನ್ನಿನಲ್ಲಿ ಈ ಸಂಖ್ಯೆಯನ್ನು ಕೇಳಿ ಮನಸ್ಸಿನಲ್ಲಿಯೇ ೬೪೧ನ್ನು ಕಂಡುಹೇಳಿದನೆಂದು ದಾಖಲೆಯಿದೆ.

ಈಗ ನಮ್ಮ ಮಹಾಸಂಖ್ಯೆಯ ಒಡಲು ಪೂರ್ಣವಾಗಿ ತೆರೆದಂತಾಯಿತು. ಅದು ೩, ೫, ೧೭, ೨೫೭, ೬೪೧, ೬೫,೫೩೭, ೬೭,೦೦,೪೧೭ ಎಂಬ ಏಳು ಅವಿಭಾಜ್ಯಗಳ ಗುಣಲಬ್ಧ. ಏಳೂ ಬೇರೆ ಬೇರೆ. ಯಾವುದೂ ಎರಡು ಸಲ ಬರುವುದಿಲ್ಲ. ಆದುದರಿಂದ ಈ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸಬಲ್ಲವುಗಳು ಸರಿಯಾಗಿ ೧೨೮.

ಫರ್ಮಾನ ನಿಯಮವು ಮುರಿದರೂ ಉಳಿದ ಐದು ಸಂಖ್ಯೆಗಳು ವ್ಯರ್ಥವಾಗಲಿಲ್ಲ. ಗುರುತಿಲ್ಲದ ಅಳತೆಪಟ್ಟಿ, ಕೈವಾರ ಇವೆರಡರಿಂದಲೇ ಸಮಬಾಹುಗಳುಳ್ಳ ಆಕೃತಿಗಳನ್ನು ಬರೆಯುವ ವಿದ್ಯೆಯಲ್ಲಿ ಪ್ರಾಚೀನ ಗ್ರೀಕರು ಮೂರು, ಐದು, ಹದಿನೈದು ಭುಜಗಳ ಆಕೃತಿಗಳನ್ನು ಸಾಧಿಸಿದ್ದರು. ಎರಡು ಸಾವಿರ ವರ್ಷಗಳವರೆಗೆ ಯಾರೂ ಮುಂದಕ್ಕೆ ಹೋಗಲಿಲ್ಲ. ೧೭೯೬ನೆಯ ಮಾರ್ಚಿ ತಿಂಗಳ ೩೦ರಂದು, ಇನ್ನೂ ಹತ್ತೊಂಬತ್ತು ತುಂಬದ ಗೌಸ್ ಎಂಬ ಜರ್ಮನ್ ವಿದ್ಯಾರ್ಥಿಯು ಹದಿನೇಳು ಭುಜಗಳ ಆಕೃತಿಯೂ ಸಾಧ್ಯವೆಂದು ಕಂಡನು. ೧೮೦೧ರ ತನ್ನ ಗ್ರಂಥದಲ್ಲಿ, ಫರ್ಮಾನ ಸಾಲಿನ ಅವಿಭಾಜ್ಯಗಳೂ, ಅವುಗಳಲ್ಲಿ ಬೇರೆ ಬೇರೆಯಾದುವನ್ನು ಗುಣಿಸಿದ ಸಂಖ್ಯೆಗಳೂ ಇದಕ್ಕೆ ಒಪ್ಪುವುವೆಂದು ತಿಳಿಸಿದನು. ಅಂಥ ಬೆಸಸಂಖ್ಯೆಗಳು ಇದುವರೆಗೆ ತಿಳಿದಿರುವಂತೆ ೩೧; ಅವುಗಳಲ್ಲಿ ಅತಿ ದೊಡ್ಡದು ಐದನ್ನೂ ಗುಣಿಸಿದ ೪,೨೯,೪೯,೬೭,೨೯೫. ಅರ್ಧ ಮಣೆಯ ಕಾಳುಗಳೆಂದು ಇದನ್ನು ನಾವು ಆಗಲೇ ಎಣಿಸಿದ್ದೇವೆ! ಹರ್ಮೀಸ್ ಎಂಬ ಜರ್ಮನ್ ವಿದ್ವಾಂಸನು ೬೫,೫೩೭ ಭುಜಗಳ ಆಕೃತಿಯ ವಿವರಣೆಗಾಗಿ ಹತ್ತು ವರ್ಷಗಳನ್ನು ಕಳೆದು, ೧೮೯೪ರಲ್ಲಿ ಮುಗಿಸಿದನು.

ಚದುರಂಗದ ಸಂಖ್ಯೆಗಿಂತ ಎರಡು ಹೆಚ್ಚಾದ, ಫರ್ಮಾನ ಸಾಲಿನ ಏಳನೆಯ ಸಂಖ್ಯೆಯ ಗತಿಯೇನಾಯಿತು? ಅದೂ ಅವಿಭಾಜ್ಯವಲ್ಲ. ೧೮೮೦ರಲ್ಲಿ, ಎಂಬತ್ತು ವರ್ಷ ದಾಟಿದ ಲಾಂಡ್ರಿ ಎಂಬ ಫ್ರೆಂಚ್ ಗಣಿತಜ್ಞನು ಅದು ೨,೭೪,೧೭೭ ಮತ್ತು ೬,೭೨,೮೦,೪೨,೧೩,೧೦,೭೨೧ ಎಂಬ ಎರಡರ ಗುಣಲಬ್ಧವೆಂದು ಕಂಡುಹಿಡಿದನು. ಯಂತ್ರಸಹಾಯದಿಂದ ಈ ಸಾಲಿನಲ್ಲಿ ಬಹುದೂರ ಹೋಗಿ ನೋಡಿದ್ದಾರೆ. ೬೫,೫೩೭ರ ಮುಂದೆ ಒಂದಾದರೂ ಅವಿಭಾಜ್ಯವು ಇದುವರೆಗೆ ಸಿಕ್ಕಿಲ್ಲ. ಎಲ್ಲವೂ ಅವಿಭಾಜ್ಯಗಳೆಂದು ಫರ್ಮಾ ನಂಬಿದ್ದನು. ಇನ್ನು ಯಾವುದೂ ಅಲ್ಲವೆಂದು ನಂಬುವ ಕಡೆಗೆ ಇಂದಿನ ಅನೇಕರ ಮನಸ್ಸು ವಾಲಿದೆ. ಆದರೆ ಅದಕ್ಕೂ ಸಾಧನೆಯಿಲ್ಲ. ಆದುದರಿಂದ ಅದನ್ನು ಸಿದ್ಧಾಂತವೆಂದು ಯಾರೂ ಕರೆಯುವುದಿಲ್ಲ. ಫರ್ಮಾನ ಉದಾಹರಣೆಯಿಂದ ಕಲಿತ ಎಚ್ಚರಿಕೆಯಿದು.

ಇನ್ನೊಂದು ಕಥೆಯನ್ನು ಹೇಳದೆ ಈ ಸಂಖ್ಯೆಯ ಚರಿತ್ರೆ ಮುಗಿಯದು. ೧೮೮೩ರಲ್ಲಿ ಎಡ್ವರ್ಡ್ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞನು, ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿದ ಕಳ್ಳಹೆಸರಿನಲ್ಲಿ, ಮೂರು ಕಂಬಗಳ ಒಂದು ಆಟವನ್ನು ಪ್ರಕಟಿಸಿದನು. ಅದರೊಡನೆ ಕಾಶಿಯ ದೇವಾಲಯವೊಂದರ ಕಥೆಯೂ ಹಬ್ಬಿತು. ಅಲ್ಲಿ ಅರವತ್ತನಾಲ್ಕು ಚಿನ್ನದ ಬಿಲ್ಲೆಗಳನ್ನು ಅರ್ಚಕರು ಒಂದು ಕಂಬದಿಂದ ಇನ್ನೊಂದಕ್ಕೆ, ದೊಡ್ಡದು ಚಿಕ್ಕದರ ಮೇಲೆ ಬಾರದಂತೆ, ಹಗಲಿರುಳೂ ಸಾಗಿಸುತ್ತಿರುವರಂತೆ. ಕೆಲಸ ಮುಗಿದಾಗ ಪ್ರಳಯವಂತೆ. ಅಂಥ ದೇವಾಲಯವು ಕಾಶಿಯಲ್ಲಿಲ್ಲ. ಕಥೆಯು ಫ್ರಾನ್ಸಿನ ಕಲ್ಪನೆ. ಆದರೆ ಲೆಕ್ಕವು ಸತ್ಯ. ಬೇಕಾಗುವ ಚಲನೆಗಳು ಚದುರಂಗದ ಕಾಳುಗಳಷ್ಟೇ. ಸೆಕೆಂಡಿಗೆ ಒಂದರಂತೆ ನಡೆದರೂ ಸುಮಾರು ೫೮,೪೫೪ ಕೋಟಿ ವರ್ಷಗಳು ಬೇಕು. ವಿಶ್ವದ ವಯಸ್ಸು ಸುಮಾರು ೧,೩೮೦ ಕೋಟಿ ವರ್ಷಗಳೆಂದು ಇಂದಿನ ಖಗೋಳಜ್ಞರು ಹೇಳುತ್ತಾರೆ. ಇದು ಅದರ ನಲವತ್ತೆರಡು ಪಟ್ಟು. ಇಂದು ಈ ಸಂಖ್ಯೆಯು ಇನ್ನೊಂದು ಕಡೆಯೂ ಗಡಿಗಲ್ಲಾಗಿ ನಿಂತಿದೆ. ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಗಳಿಂದ ಎಣಿಸುವ ಗಣಕಯಂತ್ರಗಳಲ್ಲಿ ಅರವತ್ತನಾಲ್ಕು ಸ್ಥಾನಗಳ ಕೋಶವು ಹಿಡಿಸಬಲ್ಲ ಅತಿ ದೊಡ್ಡ ಪೂರ್ಣಾಂಕವು ಇದೇ. ಆ ಸೊನ್ನೆ-ಒಂದುಗಳ ಪ್ರಸ್ತಾರವು ಪಿಂಗಲನ ಲಘು-ಗುರುಗಳ ಪ್ರಸ್ತಾರಕ್ಕೆ ಲೆಕ್ಕದಲ್ಲಿ ಸರಿಸಮಾನ.

ಹೀಗೆ ಒಂದೇ ಸಂಖ್ಯೆಯ ಸುತ್ತ ಛಂದಸ್ಸಿನ ಪಂಡಿತನೂ, ಚದುರಂಗದ ಅರಸನೂ, ಅರಬ್ಬಿ ಜ್ಯೋತಿಷಿಯೂ, ತುಲೂಸಿನ ನ್ಯಾಯಾಧಿಕಾರಿಯೂ ಬಂದು ನಿಂತಿದ್ದಾರೆ. ಅರಸನು ಅಲ್ಪಜ್ಞನಾದುದರಿಂದ ಮೋಸಹೋದನೆಂದು ನಗುವುದು ಸುಲಭ. ಆದರೆ ಮಹಾಪ್ರಾಜ್ಞನಾದ ಫರ್ಮಾ ಎಡವಿದುದೂ ಅದೇ ಮಣೆಯ ಮೇಲೆ, ಅದೇ ಸ್ಥಳದಲ್ಲಿ. ಅರ್ಧ ಮಣೆಯವರೆಗೆ ಇಬ್ಬರ ಊಹೆಯೂ ನಿಂತಿತು. ಮೂವತ್ತಮೂರನೆಯ ಮನೆಯಿಂದಾಚೆಗೆ ಇಬ್ಬರದೂ ಬಿದ್ದಿತು. ಅಲೆಕ್ಸಾಂಡ್ರಿಯದ ಲೆಕ್ಕಿಗನೂ ಪೀಟರ್ಸ್‌ಬರ್ಗಿನ ಆಯ್ಲರನೂ ಮಾಡಿದುದು ಊಹೆಯನ್ನು ಬದಿಗಿಟ್ಟು ಲೆಕ್ಕವನ್ನು ಕೊನೆಯವರೆಗೆ ನಡೆಸಿದುದು. ವ್ಯವಹಾರದಲ್ಲಿಯೂ ಶಾಸ್ತ್ರದಲ್ಲಿಯೂ, ಆರಂಭದ ಕೆಲವು ಉದಾಹರಣೆಗಳು ಅನುಕೂಲವಾಗಿ ಕಂಡವೆಂದು ಅಲ್ಲಿಗೇ ತೀರ್ಮಾನಿಸುವ ಚಪಲವು ನಮ್ಮೆಲ್ಲರಿಗೂ ಉಂಟು. ಅಂಥ ಸಮಯದಲ್ಲಿ ಮಣೆಯ ಉಳಿದ ಅರ್ಧವನ್ನೂ ಎಣಿಸಿ ನೋಡಬೇಕೆಂಬ ಬುದ್ಧಿಯನ್ನು ಈ ಇಪ್ಪತ್ತು ಅಂಕಗಳು ಕೊಟ್ಟರೆ, ಪಂಡಿತನು ಬೇಡಿದ ವರವು ಇಂದಿಗಾದರೂ ಸಂದಂತಾಗುವುದು.